ಇಸ್ತ್ರಿಪೆಟ್ಟಿಗೆಯ ರಹದಾರಿ

ವಿದ್ಯುತ್ ಇಸ್ತ್ರಿಪೆಟ್ಟಿಗೆಯೊಂದನ್ನು ಕೈಗೆತ್ತಿಕೊಂಡು, ಅದರ ಮೇಲಿನ ಬರಹವನ್ನು ಒಮ್ಮೆ ಓದಿ ನೋಡಿರಿ. ತಯಾರಕರ ಹೆಸರು, ವೋಲ್ಟು, ವಾಟುಗಳ ಜೊತೆಗೆ ಒಂದೆರಡು ಪುಟ್ಟ ಮುದ್ರೆಗಳು ಕಾಣುತ್ತವೆ. ಅವನ್ನು ಗಮನಿಸುವವರು ವಿರಳ. ಆದರೆ ಆ ಪೆಟ್ಟಿಗೆಯು ಪರದೇಶದ ಅಂಗಡಿಯನ್ನು ಸೇರಬೇಕಾದರೆ ಆ ಮುದ್ರೆಗಳೇ ಅದರ ರಹದಾರಿ. ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು, ಅಕ್ಕಿಯನ್ನು ಬಾಯಿಗೆ ಹಾಕಿ ನೋಡಬಹುದು. ವಿದ್ಯುದುಪಕರಣದ ದೋಷವಾದರೋ ಒಳಗೆ ಅಡಗಿರುತ್ತದೆ. ಕೊಳ್ಳುವವನು ತಾನೇ ಮುಟ್ಟಿ ಪರೀಕ್ಷಿಸಹೊರಟರೆ ಅದು ಅವನ ಕಡೆಯ ಪರೀಕ್ಷೆಯಾದೀತು!

ಈ ಪದ್ಧತಿಯ ಮೂಲದಲ್ಲಿರುವುದು ಬೆಂಕಿಯ ಭಯ. ೧೮೯೩ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ನಡೆದ ವಿಶ್ವಪ್ರದರ್ಶನವು ವಿದ್ಯುದ್ದೀಪಗಳಿಂದ ಬೆಳಗಿತು. ತಂತಿಗಳಿಂದ ಕಿಡಿ ಹಾರೀತೆಂದು ವಿಮೆಯವರಿಗೆ ಅಳುಕು. ಅಪಾಯವನ್ನು ಅಳೆದು ನೋಡಲು ವಿಲಿಯಂ ಹೆನ್ರಿ ಮೆರಿಲ್ ಎಂಬ ತರುಣ ಎಂಜಿನಿಯರನ್ನು ಕಳುಹಿಸಿದರು. ಮರುವರ್ಷ ಆತನು ಆರಂಭಿಸಿದ ಸಣ್ಣ ಪರೀಕ್ಷಾಲಯವೇ ಮುಂದೆ 'ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್' ಆಯಿತು. ಯು.ಎಲ್. ಎಂಬ ಮುದ್ರೆ ಅದರದೇ. ೧೯೦೬ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು ಹುಟ್ಟಿತು. ಲಾರ್ಡ್ ಕೆಲ್ವಿನ್ ಅದರ ಪ್ರಥಮ ಅಧ್ಯಕ್ಷ. ಇಂದು ಬಹುತೇಕ ದೇಶಗಳ ನಿಯಮಗಳಿಗೆ ಈ ಆಯೋಗದ ಮಾನಕಗಳೇ ಆಧಾರ.

ಪರೀಕ್ಷಾಲಯದಲ್ಲಿ ನಡೆಯುವ ಕೆಲಸ ಬಹು ಸ್ವಾರಸ್ಯವಾದುದು. ಅಲ್ಲಿ ಗೆಣ್ಣುಗಳುಳ್ಳ ಒಂದು ಕೃತಕ ಬೆರಳಿದೆ. ೧೨ ಮಿಲಿಮೀಟರ್ ದಪ್ಪ, ೮೦ ಮಿಲಿಮೀಟರ್ ಉದ್ದ. ಉಪಕರಣದ ಸಂದುಗೊಂದುಗಳಲ್ಲೆಲ್ಲ ಅದನ್ನು ತೂರಿಸಿ ನೋಡುತ್ತಾರೆ. ವಿದ್ಯುತ್ತು ಹರಿಯುವ ಭಾಗವನ್ನು ಅದು ಮುಟ್ಟಿತೋ, ಉಪಕರಣವು ಅನುತ್ತೀರ್ಣ! ಕಾದ ತಂತಿಯನ್ನು ಪ್ಲಾಸ್ಟಿಕ್ ಭಾಗಗಳಿಗೆ ೩೦ ಸೆಕೆಂಡುಗಳ ಕಾಲ ಒತ್ತಿಹಿಡಿದು, ಹತ್ತಿದ ಉರಿ ತಾನೇ ಆರುವುದೇ ಎಂದು ನೋಡುತ್ತಾರೆ. ಇನ್ನು ಸೋರಿಕೆಯ ವಿಷಯ. ಯಾವ ಅವಾಹಕವೂ ಪರಿಪೂರ್ಣವಲ್ಲ. ಎಳೆಯಷ್ಟು ಪ್ರವಾಹವು ಹೊರಮೈಗೆ ಸೋರಿಯೇ ಸೋರುತ್ತದೆ. ಭೂಸಂಪರ್ಕವುಳ್ಳ, ಕೈಯಲ್ಲಿ ಹಿಡಿಯುವ ಉಪಕರಣದಲ್ಲಿ ಅದು ಒಂದು ಮಿಲಿ ಆಂಪೇರಿನ ಮುಕ್ಕಾಲು ಪಾಲನ್ನು ಮೀರಬಾರದು. ಮನುಷ್ಯನ ಹೃದಯವನ್ನು ನಿಲ್ಲಿಸಲು ಕೆಲವೇ ಹತ್ತು ಮಿಲಿ ಆಂಪೇರುಗಳು ಸಾಕೆಂಬುದನ್ನು ನೆನೆದರೆ ಈ ಕಟ್ಟುನಿಟ್ಟು ಅತಿಯೆನಿಸದು.

ಒಂದು ದೇಶದಲ್ಲಿ ತೇರ್ಗಡೆಯಾದ ವಸ್ತು ಎಲ್ಲ ದೇಶಗಳಲ್ಲಿಯೂ ಏಕೆ ಸಲ್ಲಬಾರದು? ಇದಕ್ಕೆ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ. ಅಮೆರಿಕದ ಮನೆಗಳಲ್ಲಿ ೧೨೦ ವೋಲ್ಟು, ನಮ್ಮಲ್ಲಿ ೨೩೦. ತಾಪವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅಲ್ಲಿಗಾಗಿ ಮಾಡಿದ ಇಸ್ತ್ರಿಪೆಟ್ಟಿಗೆಯನ್ನು ಇಲ್ಲಿ ಜೋಡಿಸಿದರೆ ಅದು ಮೂರೂವರೆ ಪಟ್ಟಿಗೂ ಮಿಗಿಲಾದ ಶಕ್ತಿಯನ್ನೆಳೆದು ಸುಟ್ಟುಹೋಗುತ್ತದೆ. ೬೦ ಆವರ್ತಗಳಿಗೆಂದು ರಚಿಸಿದ ಟ್ರಾನ್ಸ್‌ಫಾರ್ಮರು ೫೦ ಆವರ್ತಗಳಲ್ಲಿ ಅತಿಯಾಗಿ ಕಾಯುತ್ತದೆ. ಜಪಾನಿನಲ್ಲಂತೂ ಪೂರ್ವಭಾಗಕ್ಕೆ ೫೦, ಪಶ್ಚಿಮಭಾಗಕ್ಕೆ ೬೦! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೋ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಯಂತ್ರಗಳನ್ನು ತರಿಸಿದುದರ ಫಲವಿದು.

ಎಲ್ಲ ಮುದ್ರೆಗಳ ಹಿಂದಿನ ಹೊಣೆಯೂ ಒಂದೇ ಬಗೆಯದಲ್ಲ. ಯು.ಎಲ್. ಮುದ್ರೆಯನ್ನು ಕೊಡುವುದು ತಯಾರಕನಲ್ಲದ ಮೂರನೆಯವರು. ಅನಂತರವೂ ಅವರ ಪರಿವೀಕ್ಷಕರು ಕಾರ್ಖಾನೆಗೆ ಬಂದು ಹೋಗುತ್ತಿರುತ್ತಾರೆ. ಯೂರೋಪಿನ ಸಿ.ಇ. ಗುರುತಾದರೋ, ಬಹುಪಾಲು ಗೃಹೋಪಕರಣಗಳ ಮಟ್ಟಿಗೆ ತಯಾರಕನೇ ಸಹಿ ಮಾಡಿ ಒಪ್ಪಿಸುವ ಘೋಷಣೆ. ಪರೀಕ್ಷೆಯ ದಾಖಲೆಗಳನ್ನು ಅವನು ಹತ್ತು ವರ್ಷ ಕಾದಿರಿಸಬೇಕು. ಬೆಸುಗೆಯ ಸೀಸಕ್ಕೂ ಅಲ್ಲಿ ಮಿತಿಯುಂಟು: ಕೆಲವು ವಿನಾಯಿತಿಗಳನ್ನು ಬಿಟ್ಟರೆ ತೂಕದಲ್ಲಿ ಶೇಕಡಾ ೦.೧. ಸಿ.ಇ. ಎಂದರೆ ಸರ್ಕಾರವೇ ಪರೀಕ್ಷಿಸಿ ಒಪ್ಪಿದ್ದೆಂದು ನಂಬಿರುವವರು ಅನೇಕರು. ಆ ನಂಬಿಕೆ ತಪ್ಪು.

ಪ್ರತಿ ದೇಶಕ್ಕೂ ಮೊದಲಿನಿಂದ ಪರೀಕ್ಷೆ ನಡೆಸುವುದು ಸಣ್ಣ ಕಾರ್ಖಾನೆಗಳಿಗೆ ಹೊರಲಾರದ ಹೊರೆ. ಆದುದರಿಂದ ಆಯೋಗದ ಸಿ.ಬಿ. ಯೋಜನೆಯಲ್ಲಿ ಒಂದು ಮಾನ್ಯ ಪರೀಕ್ಷಾಲಯದ ವರದಿಯನ್ನು ಇತರ ಸದಸ್ಯದೇಶಗಳು ಆಧಾರವಾಗಿ ಸ್ವೀಕರಿಸುತ್ತವೆ. ತಮ್ಮಲ್ಲಿನ ವಿಶೇಷ ಅಂಶಗಳನ್ನಷ್ಟೇ ಬೇರೆಯಾಗಿ ಕೇಳುತ್ತವೆ. ಭಾರತವೂ ಅದರಲ್ಲಿ ಸೇರಿದೆ.

ಇಷ್ಟಾದರೂ ವರದಿಯು ಹೇಳುವುದು ಪರೀಕ್ಷೆಗೆ ಒಳಗಾದ ಮಾದರಿಯ ಮಾತನ್ನು ಮಾತ್ರ. ಮುದ್ರೆ ದೊರೆತ ಮೇಲೆ ನಾಲ್ಕು ಕಾಸಿನ ಉಳಿತಾಯಕ್ಕಾಗಿ ಕಾರ್ಖಾನೆಯವನು ತಂತಿಯನ್ನೋ ಸ್ವಿಚ್ಚನ್ನೋ ಬದಲಾಯಿಸಿದರೆ, ಹೊರಗಿನ ಮುದ್ರೆ ಹಾಗೆಯೇ ಇರುತ್ತದೆ, ಒಳಗಿರುವುದು ಮಾತ್ರ ಯಾರೂ ಪರೀಕ್ಷಿಸದ ಬೇರೊಂದು ಇಸ್ತ್ರಿಪೆಟ್ಟಿಗೆ.