ಗುಜರಿಗೆ ಹೋಗುವ ಮೊದಲು ಒಂದು ಡೀಸೆಲ್ ಎಂಜಿನ್

2023ರ ಮಾರ್ಚ್ 12ರಂದು ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರಂ ಉದ್ಘಾಟನೆಯಾದಾಗ ಜನರ ಗಮನವೆಲ್ಲ ಅದರ ಉದ್ದದ ಮೇಲಿತ್ತು. ಅದೇ ದಿನ ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ಮಾರ್ಗದ ವಿದ್ಯುದೀಕರಣವೂ ಲೋಕಾರ್ಪಣೆಯಾಯಿತು. ಹಳಿಯ ಮೇಲೆ ತಂತಿ ಬಂತೆಂದರೆ ಡೀಸೆಲ್ ಎಂಜಿನ್ನಿನ ಕೆಲಸ ಮುಗಿಯುತ್ತಾ ಬಂತೆಂದೇ ಅರ್ಥ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಈ ಸೀಮೆಯ ಗಾಡಿಗಳನ್ನು ಎಳೆದ ಯಂತ್ರಗಳು ಒಂದೊಂದಾಗಿ ಹರಾಜಿನ ಪಟ್ಟಿ ಸೇರುತ್ತಿವೆ. ಅವುಗಳಲ್ಲಿ ಯಾವುದನ್ನು ಉಳಿಸಬೇಕು, ಹೇಗೆ ಉಳಿಸಬೇಕು ಎಂದು ಕೇಳಬೇಕಾದ ಊರು ಹುಬ್ಬಳ್ಳಿ. ಏಕೆಂದರೆ ಭಾರತದ ಡೀಸೆಲ್ ಎಂಜಿನ್ನುಗಳ ಕೊನೆಯ ದೊಡ್ಡ ತಿರುವು ಶುರುವಾದದ್ದೇ ಇಲ್ಲಿನ ಲೋಕೋ ಶೆಡ್ಡಿನಲ್ಲಿ.

ಮೊದಲು ಯಂತ್ರವನ್ನು ನೋಡೋಣ. ಡೀಸೆಲ್ ಎಂಜಿನ್ ಗಾಲಿಯನ್ನು ನೇರವಾಗಿ ತಿರುಗಿಸುತ್ತದೆ ಎಂಬುದು ಬಹಳ ಜನರ ಊಹೆ. ಹಾಗಿಲ್ಲ. ಒಳಗಿನ ಡೀಸೆಲ್ ಯಂತ್ರ ತಿರುಗಿಸುವುದು ಒಂದು ಜನರೇಟರನ್ನು. ಅಲ್ಲಿ ಹುಟ್ಟಿದ ವಿದ್ಯುತ್ತು ಗಾಲಿಗಳ ಅಚ್ಚಿಗೆ ಜೋಡಿಸಿದ ಟ್ರಾಕ್ಷನ್ ಮೋಟರುಗಳಿಗೆ ಹೋಗುತ್ತದೆ, ಗಾಲಿ ತಿರುಗಿಸುವುದು ಆ ಮೋಟರುಗಳು. ಅಂದರೆ ಇದೂ ಒಂದು ವಿದ್ಯುತ್ ಎಂಜಿನ್ನೇ. ತನಗೆ ಬೇಕಾದ ವಿದ್ಯುತ್ ಕೇಂದ್ರವನ್ನು ತಾನೇ ಹೊತ್ತು ಓಡುತ್ತದೆ, ಅಷ್ಟೇ.

ನಮ್ಮಲ್ಲಿ ಈ ಬಗೆಯ ಎಂಜಿನ್ನುಗಳ ಕಾಲವನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದು ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ. 1962ರಲ್ಲಿ ಮೊದಲ ಎಂಜಿನ್ನುಗಳು ಆಮದಾದವು. 1964ರ ಜನವರಿಯಿಂದ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾಗತೊಡಗಿದವು. ಬ್ರಾಡ್‌ಗೇಜಿಗೆ 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2, ಮೀಟರ್‌ಗೇಜಿಗೆ ಅದರ ತಮ್ಮನಂಥ ವೈಡಿಎಂ-4. ಹುಬ್ಬಳ್ಳಿ, ಧಾರವಾಡ, ಗದಗಗಳ ಹಿರಿಯರು ಮೀಟರ್‌ಗೇಜ್ ಕಾಲದಲ್ಲಿ ಕಂಡ ಡೀಸೆಲ್ ಎಂಜಿನ್ ಈ ವೈಡಿಎಂ-4.

ಆಲ್ಕೊ ಎಂದರೆ ನೆನಪಾಗುವುದು ಹೊರಡುವಾಗ ಅದು ಉಗುಳುತ್ತಿದ್ದ ಕಪ್ಪು ಹೊಗೆ. ಅದು ಹಳತಾಗಿ ಕೆಟ್ಟ ಲಕ್ಷಣವೆಂದು ಎಷ್ಟೋ ಜನ ತಿಳಿದಿದ್ದರು. ಆದರೆ ಹೊಸ ಆಲ್ಕೊ ಕೂಡ ಹೊಗೆ ಉಗುಳುತ್ತಿತ್ತು. ಕಾರಣ ಟರ್ಬೊಚಾರ್ಜರ್. ಸಿಲಿಂಡರಿನಿಂದ ಹೊರಬೀಳುವ ಬಿಸಿ ಅನಿಲದ ರಭಸದಿಂದ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸಾಧನ ಅದು. ಚಾಲಕ ಹ್ಯಾಂಡಲನ್ನು ಒಂದು ನಾಚ್ (ಹಂತ) ಏರಿಸಿದ ಕೂಡಲೇ ಯಂತ್ರದ ವೇಗ ನಿಯಂತ್ರಿಸುವ ಗವರ್ನರ್ ಎಂಬ ಸಾಧನ ಹೆಚ್ಚು ಡೀಸೆಲ್ ಬಿಡುತ್ತದೆ. ಟರ್ಬೊ ಮಾತ್ರ ವೇಗ ಹಿಡಿಯಲು ಕೆಲವು ಕ್ಷಣ ತೆಗೆದುಕೊಳ್ಳುತ್ತದೆ. ಎಣ್ಣೆ ಬಂದಿರುತ್ತದೆ, ಅದಕ್ಕೆ ತಕ್ಕ ಗಾಳಿ ಬಂದಿರುವುದಿಲ್ಲ. ಪೂರ್ತಿ ಉರಿಯದ ಇಂಗಾಲ ಕಪ್ಪು ಹೊಗೆಯಾಗಿ ಮೇಲೇಳುತ್ತದೆ. ಟರ್ಬೊ ವೇಗಕ್ಕೆ ಬಂದೊಡನೆ ಹೊಗೆ ತಿಳಿಯಾಗುತ್ತದೆ.

1999ರಲ್ಲಿ ಚಿತ್ರ ಬದಲಾಯಿತು. ಜನರಲ್ ಮೋಟರ್ಸ್ ಕಂಪನಿಯಿಂದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್ನುಗಳು ಬಂದು ಹುಬ್ಬಳ್ಳಿ ಶೆಡ್ಡಿಗೆ ಸೇರಿದವು. 2001ರಲ್ಲಿ ಪ್ರಯಾಣಿಕರ ಗಾಡಿಗಾಗಿ ಡಬ್ಲ್ಯುಡಿಪಿ-4 ಬಂತು, ಅದರ ಮನೆಯೂ ಹುಬ್ಬಳ್ಳಿಯೇ ಆಯಿತು. ಇವುಗಳೊಳಗಿನ ಯಂತ್ರ ಬೇರೆಯೇ ಜಾತಿ. ಆಲ್ಕೊದ್ದು ನಾಲ್ಕು ಸ್ಟ್ರೋಕ್, ಇದು ಎರಡು ಸ್ಟ್ರೋಕ್. ಒಂದೊಂದು ಸಿಲಿಂಡರಿನ ಗಾತ್ರ 710 ಘನ ಇಂಚು, ಅಂದರೆ ಸುಮಾರು 11.6 ಲೀಟರು. ಅಂಥವು 16. ಎರಡು ಸ್ಟ್ರೋಕಿನ ಯಂತ್ರದಲ್ಲಿ ಗಾಳಿಯನ್ನು ಒಳಗೆಳೆಯಲೆಂದೇ ಪಿಸ್ಟನ್ನಿಗೆ ಬೇರೆ ಸುತ್ತಿಲ್ಲ, ಗಾಳಿಯನ್ನು ಹೊರಗಿನಿಂದ ನೂಕಲೇಬೇಕು. ಆದ್ದರಿಂದ ಇದರ ಟರ್ಬೊ ಬಿಸಿ ಅನಿಲಕ್ಕಾಗಿ ಕಾಯುತ್ತ ಕೂರುವುದಿಲ್ಲ. ಆರಂಭದಲ್ಲಿ ಗೇರುಗಳ ಮೂಲಕ ಎಂಜಿನ್ನೇ ಅದನ್ನು ತಿರುಗಿಸುತ್ತದೆ. ಅನಿಲದ ರಭಸ ಸಾಕಷ್ಟಾದ ಮೇಲೆ ಒಂದು ಕ್ಲಚ್ ಗೇರಿನ ಹಂಗು ಬಿಡಿಸುತ್ತದೆ. ಆಲ್ಕೊದ ಆ ಹೊಗೆಯ ಮೋಡ ಇಲ್ಲಿ ಕಾಣದಿದ್ದುದಕ್ಕೆ ಇದೂ ಒಂದು ಕಾರಣ.

ಇನ್ನೂ ದೊಡ್ಡ ವ್ಯತ್ಯಾಸ ಮೋಟರಿನಲ್ಲಿದೆ. ಆಲ್ಕೊದ ಡಿಸಿ ಮೋಟರಿಗೆ ಕಾರ್ಬನ್ ಬ್ರಷ್ಷುಗಳಿದ್ದವು. ಅವು ಸವೆಯುತ್ತಿದ್ದವು, ಮತ್ತೆ ಮತ್ತೆ ಬದಲಿಸಬೇಕಿತ್ತು. ಭಾರದ ಗಾಡಿಯನ್ನು ಏರಿನಲ್ಲಿ ತೆವಳುವ ವೇಗದಲ್ಲಿ ಬಹಳ ಹೊತ್ತು ಎಳೆದರೆ ಮೋಟರು ಕಾದು ಸುಟ್ಟುಹೋಗುವ ಭಯ. ಜನರಲ್ ಮೋಟರ್ಸ್ ಎಂಜಿನ್ನಿನದು ಎಸಿ ಮೋಟರು, ಬ್ರಷ್ಷುಗಳೇ ಇಲ್ಲ. ಎಂಜಿನ್ನಿನ ಅಡಿಯ ಪ್ರತಿ ಬೋಗಿಗೆ (ಗಾಲಿಗಳ ಚೌಕಟ್ಟಿಗೆ) ಒಂದರಂತೆ ಇರುವ ಇನ್ವರ್ಟರು ವಿದ್ಯುತ್ತನ್ನು ಗಾಲಿಯ ವೇಗಕ್ಕೆ ತಕ್ಕಂತೆ ಹದಮಾಡಿ ಕೊಡುತ್ತದೆ. ಇದರ ಬೆಲೆ ಗೊತ್ತಾಗುವುದು ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಬ್ರಗಾಂಝಾ ಘಾಟಿನಲ್ಲಿ. ಅಲ್ಲಿ 37 ಮೀಟರಿಗೆ ಒಂದು ಮೀಟರಿನ ಏರು. ದೂಧಸಾಗರ ಜಲಪಾತದ ಪಕ್ಕ ಗಾಡಿಯನ್ನು ಹಿಂದಿನಿಂದ ನೂಕುತ್ತಿದ್ದ ಡಬ್ಲ್ಯುಡಿಜಿ-4ಗಳನ್ನು ಕಂಡವರಿಗೆ ಆ ಏರಿನ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಹೊಸ ತಂತ್ರಜ್ಞಾನದಲ್ಲೂ ಎಡವಟ್ಟು ಇದ್ದೇ ಇತ್ತು. ಮೊದಲ ಡಬ್ಲ್ಯುಡಿಪಿ-4ರ ಆರು ಅಚ್ಚುಗಳಲ್ಲಿ ನಾಲ್ಕಕ್ಕೆ ಮಾತ್ರ ಮೋಟರಿತ್ತು, ಮುಂದಿನ ಮಾದರಿಯಲ್ಲಿ ಆರಕ್ಕೂ ಕೊಟ್ಟರು. ಇಂಥ ತಿದ್ದುಪಡಿಗಳನ್ನು ಓದಿಕೊಳ್ಳಬೇಕೆಂದರೆ ಮೊದಲ ಯಂತ್ರ ಕಣ್ಣೆದುರಿಗೆ ಇರಬೇಕು.

ಈಗ ಗುಜರಿಯ ವಿಷಯ. ಕೆಲಸಕ್ಕೆ ಬಾರದೆಂದು ಸಮಿತಿ ತೀರ್ಮಾನಿಸಿದ ಎಂಜಿನ್ ಶೆಡ್ಡಿನ ಮೂಲೆಯ ಹಳಿಗೆ ಸೇರುತ್ತದೆ. ಅದರ ನಿಜವಾದ ಸಾವು ಆರಂಭವಾಗುವುದು ಅಲ್ಲಿಂದ, ಗ್ಯಾಸ್ ಕಟ್ಟರಿನಿಂದಲ್ಲ. ಅದೇ ಜಾತಿಯ ಇನ್ನೊಂದು ಎಂಜಿನ್ನಿಗೆ ಬೇಕೆಂದು ಟರ್ಬೊ ಹೋಗುತ್ತದೆ, ಗವರ್ನರ್ ಹೋಗುತ್ತದೆ, ಮೋಟರುಗಳು, ಕಂಪ್ರೆಸರು, ಮೀಟರುಗಳು ಹೋಗುತ್ತವೆ. ಇದು ತಪ್ಪೇನಲ್ಲ, ಓಡುವ ಗಾಡಿಗೆ ಬಿಡಿಭಾಗ ಬೇಕೇ ಬೇಕು. ಉಳಿದದ್ದನ್ನು ಆನ್‌ಲೈನ್ ಹರಾಜಿನಲ್ಲಿ ಇದ್ದ ಸ್ಥಿತಿಯಲ್ಲೇ ಮಾರುತ್ತಾರೆ. ಕೊಂಡವರು ಗ್ಯಾಸ್ ಕಟ್ಟರಿನಿಂದ ತುಂಡು ಮಾಡಿ, ಲಾರಿಗೆ ಹೇರಿ, ವೇಬ್ರಿಜ್ ಮೇಲೆ ತೂಕ ಮಾಡಿಸಿ ಒಯ್ಯುತ್ತಾರೆ. ಸುಮಾರು 112 ಟನ್ನಿನ ಡಬ್ಲ್ಯುಡಿಎಂ-2 ಕೊನೆಗೆ ಕಬ್ಬಿಣದ ದರ, ತಾಮ್ರದ ದರ ಎಂದು ಎರಡು ಮೂರು ಸಾಲಿನ ಲೆಕ್ಕವಾಗುತ್ತದೆ.

ಎಲ್ಲಕ್ಕೂ ಇದೇ ಗತಿ ಬಂದಿಲ್ಲ. ಗೇಜ್ ಪರಿವರ್ತನೆಯ ನಂತರ ಕೆಲಸವಿಲ್ಲದ ವೈಡಿಎಂ-4ಗಳಲ್ಲಿ ಕೆಲವು ಮಲೇಷ್ಯಾ, ಮ್ಯಾನ್ಮಾರ್‌ಗಳಲ್ಲಿ ದುಡಿದವು. 2020ರಲ್ಲಿ ಹತ್ತು ಬ್ರಾಡ್‌ಗೇಜ್ ಡೀಸೆಲ್ ಎಂಜಿನ್ನುಗಳು ಬಾಂಗ್ಲಾದೇಶಕ್ಕೆ ಹೋದವು. ವಾರಾಣಸಿಯಲ್ಲಿ ಎರಡು ಡೀಸೆಲ್ ಎಂಜಿನ್ನುಗಳನ್ನು ಜೋಡಿಸಿ 10,000 ಅಶ್ವಶಕ್ತಿಯ ವಿದ್ಯುತ್ ಎಂಜಿನ್ನಾಗಿ ಮಾರ್ಪಡಿಸಿದರು, 2019ರ ಫೆಬ್ರುವರಿಯಲ್ಲಿ ಅದಕ್ಕೆ ಹಸಿರು ನಿಶಾನೆ ಸಿಕ್ಕಿತು. ಆದರೆ ಇವೆಲ್ಲ ಬಳಕೆಯ ಮಾತು. ಸಂರಕ್ಷಣೆ ಬೇರೆ ಕೆಲಸ.

ಉಗಿಬಂಡಿಗೆ ಆ ಭಾಗ್ಯ ಬೇಗ ಬಂತು. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರದ್ದು, ಮೈಸೂರಿನದು 1979ರದ್ದು. 1855ರ ಫೇರಿ ಕ್ವೀನ್ ಎಂಜಿನ್ನನ್ನು 1997ರಲ್ಲಿ ಮತ್ತೆ ಓಡಿಸಿದರು. ಡೀಸೆಲ್ಲಿನ ಅಂದ ಉಕ್ಕಿನ ಪೆಟ್ಟಿಗೆಯೊಳಗೆ ಅಡಗಿದೆ, ಹಾಗಾಗಿ ಅದರ ಮೇಲೆ ಜನರಿಗೆ ಅಷ್ಟು ಮೋಹವಿಲ್ಲ. ಬ್ರಿಟನ್ನಿನಲ್ಲಿ ಮೋಹವಿದ್ದವರು ಮುಂದೆ ಬಂದರು. ಅಲ್ಲಿನ ಡೆಲ್ಟಿಕ್ ಎಂಬ 22 ಡೀಸೆಲ್ ಎಂಜಿನ್ನುಗಳ ಸೇವೆ 1982ರ ಜನವರಿಗೆ ಮುಗಿಯಿತು. ಅವುಗಳಲ್ಲಿ ಆರು ಕಟ್ಟರಿನಿಂದ ಪಾರಾಗಿ ಇಂದಿಗೂ ಉಳಿದಿವೆ, ಅದರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು.

ಕಟ್ಟೆಯ ಮೇಲೆ ನಿಲ್ಲಿಸಿ ಬಣ್ಣ ಬಳಿದ ಎಂಜಿನ್ ಫೋಟೋಕ್ಕೆ ಚೆನ್ನ. ಆದರೆ ಒಳಗೆ ಹೊಗೆಕೊಳವೆಯಿಂದ ಮಳೆನೀರು ಇಳಿಯುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ವೈರುಗಳನ್ನು ಇಲಿ ಕಡಿಯುತ್ತದೆ. ಡೀಸೆಲ್ ಎಂಜಿನ್ನನ್ನು ಉಳಿಸುವುದೆಂದರೆ ಸೂರಿನಡಿ ಇಟ್ಟು, ಎಣ್ಣೆ ನೀರು ನೋಡಿ, ಆಗಾಗ ಸ್ಟಾರ್ಟ್ ಮಾಡುವುದು. ಅದಕ್ಕೆ ಕೈ ಪಳಗಿದ ಫಿಟ್ಟರುಗಳು ಬೇಕು. ಸದ್ದು ಕೇಳಿಯೇ ಯಾವ ಸಿಲಿಂಡರಿನ ಇಂಜೆಕ್ಟರ್ ಕೆಟ್ಟಿದೆ ಎಂದು ಅಂದಾಜು ಮಾಡುವವರು ಹುಬ್ಬಳ್ಳಿ ಶೆಡ್ಡಿನವರೇ. ಅವರು ನಿವೃತ್ತರಾದ ಮೇಲೆ ಆ ವಿದ್ಯೆಯನ್ನು ಯಾವ ಕೈಪಿಡಿಯಿಂದಲೂ ಪೂರ್ತಿ ಪಡೆಯಲಾಗದು.

ಹುಬ್ಬಳ್ಳಿಗೆ ಜಾಗದ ಕೊರತೆಯೂ ಇಲ್ಲ, ಹಿನ್ನೆಲೆಯ ಕೊರತೆಯೂ ಇಲ್ಲ. ಸದರ್ನ್ ಮರಾಠಾ ರೈಲ್ವೆಯ ಕಾಲದ ಕಾರ್ಯಾಗಾರ ಇಲ್ಲಿದೆ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ. ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ, ಮಲಪ್ರಭಾ ಮತ್ತು ಘಟಪ್ರಭಾ ಎಂಬ ಹಳೆಯ ಕಟ್ಟಡಗಳೊಂದಿಗೆ, ಇಲ್ಲೇ ಇದೆ. 1999ರಲ್ಲಿ ಬಂದ ಮೊದಲ ತಂಡದ ಡಬ್ಲ್ಯುಡಿಜಿ-4ಗಳಲ್ಲಿ ಒಂದನ್ನು, ಟರ್ಬೊ, ಇನ್ವರ್ಟರು, ಮೋಟರು ಯಾವುದನ್ನೂ ಕೀಳದೆ, ಸ್ಟಾರ್ಟ್ ಆಗುವ ಸ್ಥಿತಿಯಲ್ಲಿ ಈ ಊರಿನಲ್ಲೇ ಇಡಬೇಕು. ಪಕ್ಕದಲ್ಲಿ ಒಂದು ಆಲ್ಕೊ ಸಿಲಿಂಡರನ್ನೂ ಅದರ ಟರ್ಬೊವನ್ನೂ ಸೀಳಿ ತೋರಿಸಿದರೆ ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಪಾಠಶಾಲೆಯೇ ಸಿಕ್ಕಂತೆ. ಈ ತೀರ್ಮಾನವನ್ನು ಎಂಜಿನ್ ಓಡುತ್ತಿರುವಾಗಲೇ ಮಾಡಬೇಕು, ಮೂಲೆಯ ಹಳಿಗೆ ಸೇರಿದ ಮೇಲೆ ಮಾಡಿದರೆ ಉಳಿಯುವುದು ಬರೀ ತಗಡು. ನೈಋತ್ಯ ರೈಲ್ವೆಯ ಅಧಿಕಾರಿಗಳು ಈ ಕುರಿತು ಈಗಲೇ ಒಂದು ಆದೇಶ ಹೊರಡಿಸಲಿ. ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಕಾಲೇಜುಗಳೂ ನಿವೃತ್ತ ರೈಲ್ವೆ ನೌಕರರೂ ಅದಕ್ಕಾಗಿ ಒಟ್ಟಾಗಿ ಒಂದು ಮನವಿ ಸಲ್ಲಿಸಲಿ.