ಮನಿ ಪಟ್ಟಿ ಕಟ್ಟಿದರ ನಮಗೇನು ಬಂತು?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬೆಟಗೇರಿಯ ನಮ್ಮ ಓಣಿಯಲ್ಲಿ ಹಪ್ಪಳ ಒಣಹಾಕಿ ಕಾಗೆ ಕಾಯುತ್ತ ಕುಳಿತಿದ್ದೆ. ಬಾಜೂ ಮನೆಯ ಕಾಕು ಮನಿ ಪಟ್ಟಿಯ ಚೀಟಿ ಹಿಡಿದುಕೊಂಡು ಬಂದರು. ಸಿಟ್ಟಿಗೆ ಮುಖ ಕೆಂಪಗಾಗಿತ್ತು.

"ನೋಡವಾ, ನಾವು ಬೆವರು ಸುರಿಸಿ ಗಳಿಸೋದು, ಇವರು ಒಯ್ದು ಯಾರ್ಯಾರಿಗೋ ಪುಕ್ಕಟೆ ಹಂಚೋದು. ಈ ಸಲ ನಾ ಕಟ್ಟಂಗಿಲ್ಲ. ಏನ್ ಮಾಡ್ತಾರ ಮಾಡ್ಲಿ!"

ಕಾಕುವಿನ ಸಿಟ್ಟು ಸುಳ್ಳಲ್ಲ. ನಳಕ್ಕೆ ನೀರು ಬರುವ ದಿನ ಎಣಿಸುತ್ತಲೇ ಬೆಳೆದ ಹೆಣ್ಣುಮಕ್ಕಳು ನಾವು. ಆದರೂ ಆ "ಪುಕ್ಕಟೆ" ಎಂಬ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು.

ಸೋದರಿಯರೇ, ಕರ ಕಟ್ಟುವವರು ನೌಕರಸ್ಥರು, ಪ್ಯಾಟಿಯ ಸಾಹುಕಾರರು, ನಮಗೂ ಅದಕ್ಕೂ ಏನು ಸಂಬಂಧ ಎಂದು ನಮ್ಮಲ್ಲಿ ಎಷ್ಟೋ ಮಂದಿ ತಿಳಿದಿದ್ದೇವೆ. ಕಿರಾಣಿ ಅಂಗಡಿಯ ಪಾವತಿ ಒಮ್ಮೆ ಬಿಡಿಸಿ ನೋಡಿರಿ. ಚಹಾಪುಡಿಗೆ, ಅಡಿಗೆ ಎಣ್ಣೆಗೆ ನೂರಕ್ಕೆ 5 ರೂಪಾಯಿ ಜಿ.ಎಸ್.ಟಿ. ಮೈ ಸಾಬೂನಿಗೆ, ಹಲ್ಲಿನ ಪೇಸ್ಟಿಗೆ ಮೊದಲು 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು. ಅದರಲ್ಲಿ ಅರ್ಧ ದಿಲ್ಲಿಗೆ, ಅರ್ಧ ಬೆಂಗಳೂರಿಗೆ. ಅಂದಮೇಲೆ ಶೂನ್ಯ ಟಿಕೆಟ್ ಹಿಡಿದು ಬಸ್ಸಿನಲ್ಲಿ ಕೂತ ಕೂಲಿ ಹೆಣ್ಣುಮಗಳೂ ಕರ ಕಟ್ಟಿದವಳೇ. ಪುಕ್ಕಟೆ ಎಲ್ಲಿ ಬಂತು?

ಇನ್ನೊಂದು ಮಾತು. ಸಾಬೂನಿನ ಮೇಲೆ ಸಾಹುಕಾರ್ತಿಗೂ ಕೂಲಿಯವಳಿಗೂ ಒಂದೇ ದರದ ಕರ. ಇದ್ದವರು ಹೆಚ್ಚು, ಇಲ್ಲದವರು ಕಡಿಮೆ ಕೊಡಬೇಕಲ್ಲವೇ? ಈ ನ್ಯಾಯ ನಮ್ಮ ಸೀಮೆಗೆ ಹೊಸದಲ್ಲ. ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ, ಅಲ್ಲಿಯ ಒಂದು ಶಿಲಾಶಾಸನವಿದೆ. ಕ್ರಿ.ಶ. 725ರ ಸುಮಾರಿನದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರ ಮಹಾಜನರಿಗೂ ಪ್ರಜೆಗಳಿಗೂ ಹಾಕಿಕೊಟ್ಟ ಕಟ್ಟಳೆ. ಊರಿನ ಉತ್ತಮ ಮನೆತನದವರು 10 ಪಣ, ಮಧ್ಯಮರು 7, ಅವರಿಗಿಂತ ಕೆಳಗಿನವರು 5, ತೀರ ಬಡವರು 3 ಪಣ ಮನೆಗರ ಕೊಡಬೇಕೆಂದು ಅದರಲ್ಲಿದೆ. ಬರೀ ಕೊಡುವುದಷ್ಟೇ ಅಲ್ಲ; ರಾಜನ ಅಧಿಕಾರಿಗಳು ಪ್ರಜೆಗಳ ಯಾವ ಯಾವ ಹಕ್ಕು ಕಾಯಬೇಕು ಎಂಬುದನ್ನೂ ಅದೇ ಕಲ್ಲಿನ ಮೇಲೆ ಕೆತ್ತಿಸಿದರು. (ಮುಂದೆ ಪಟ್ಟದಕಲ್ಲಿನಲ್ಲಿ ದೊಡ್ಡ ಗುಡಿ ಕಟ್ಟಿಸಿದ ಲೋಕಮಹಾದೇವಿ ಈ ವಿಕ್ರಮಾದಿತ್ಯನ ರಾಣಿಯೇ.)

ಇಷ್ಟು ಹೇಳಿದ ಮೇಲೂ ಕಾಕು ಬಿಡಲಿಲ್ಲ. "ಹಳೇ ಕಥಿ ಇರಲಿ. ನನಗ ಏನು ಬಂತು, ಅದನ್ನ ಹೇಳು."

ನೀರಿನಿಂದಲೇ ಶುರು ಮಾಡಿದೆ. ರೊಕ್ಕ ಇದ್ದವರು ಅಂಗಳದಲ್ಲಿ ಬೋರ್ ಹೊಡೆಸಬಹುದು. ಆದರೆ ನಮ್ಮ ಜಿಲ್ಲೆಯ, ಅದರಲ್ಲೂ ಮುಂಡರಗಿ ಕಡೆಯ ಎಷ್ಟೋ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತವೆ, ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಕಾಯಿಸಿ ಆರಿಸಿದರೂ ಹೋಗುವುದಿಲ್ಲ, ಅರಿವೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯ ನದಿಯ ನೀರು. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ, ನೀರೆತ್ತಿ, ಶುದ್ಧ ಮಾಡಿ, ಗದಗಿನವರೆಗೂ ಕೊಳವೆ ಹಾಸುವುದು ಯಾವ ಸಾಹುಕಾರ್ತಿಯ ಮನೆಖರ್ಚಿನಲ್ಲಿ ಆದೀತು? ಅರಮನೆ ಇದ್ದರೂ ನದಿಯನ್ನು ಒಬ್ಬರೇ ಮನೆಗೆ ತರಲಾಗದು.

ಪೋಲಿಯೋ ಕಥೆಯೂ ಹಾಗೆಯೇ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೋ ದಿನಗಳು ನೆನಪಿವೆಯೇ? ಕಂಕುಳಲ್ಲಿ ಕೂಸು ಹೊತ್ತು ಸಾಲಿನಲ್ಲಿ ನಿಂತವರು ನಾವೇ. ನಮ್ಮ ಕೂಸಿಗೆ ಮಾತ್ರ ಎರಡು ಹನಿ ಹಾಕಿಸಿದರೆ ರೋಗ ಊರು ಬಿಡುತ್ತಿರಲಿಲ್ಲ. ಕೇರಿ ಕೇರಿಯ ಕೂಸುಗಳಿಗೂ ಹಾಕಿದ್ದರಿಂದಲೇ 2014ರಲ್ಲಿ ನಮ್ಮ ದೇಶಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಯಾರದೋ ಕೂಸಿಗೆ ನಮ್ಮ ರೊಕ್ಕದ ಹನಿ ಬಿತ್ತು. ಕಾಲು ಉಳಿದದ್ದು ನಮ್ಮ ಕೂಸಿನದೂ ಹೌದು.

ಸಾಲಿಯ ಬಿಸಿಯೂಟ (ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಶುರುವಾಯಿತು), 2013ರಿಂದ ಕೊಡುವ ಹಾಲು, 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಶಿರಹಟ್ಟಿಯಿಂದ ಅತ್ತೆಯನ್ನು ಗದಗಿನ ದವಾಖಾನೆಗೆ ಕರೆತರುವ ಸೊಸೆ ಗಂಡನ ಕೈಯಲ್ಲಿ ಬಸ್ ಚಾರ್ಜು ಬೇಡದೆ ಹೊರಡಬಲ್ಲಳು ಎಂಬುದನ್ನು ಗಂಡಸರು ಸಣ್ಣದೆಂದುಕೊಂಡಾರು. ನಾವು ಹಾಗೆನ್ನಲಾರೆವು.

ಕಾಕು ನಮ್ಮ ಓಣಿಯ ಭಿಶಿಯ ಲೆಕ್ಕ ಇಡುವವರು. ತಟ್ಟನೆ ಅಂದರು: "ಹಂಗಾರ ಇದೂ ಒಂದು ಭಿಶಿ ಅನ್ನು."

"ಹೌದ್ರೀ ಕಾಕು. ಆದರ ಇಲ್ಲಿ ಪಾಳಿ ಚೀಟಿ ಎತ್ತಿ ಬರಂಗಿಲ್ಲ. ಯಾರಿಗೆ ಅಡಚಣಿ ಬರ್ತದೋ ಅವರದು ಆ ಹೊತ್ತಿನ ಪಾಳಿ."

"ನಡುವ ತಿಂದು ಹಾಕೋರು?"

ಇದ್ದಾರೆ. ಇಲ್ಲವೆನ್ನಲು ನನಗೆ ಬಾಯಿಲ್ಲ. ಆದರೆ ಭಿಶಿಯ ಲೆಕ್ಕ ತಪ್ಪಿದಾಗ ಕಾಕು ಹಪ್ತೆ ನಿಲ್ಲಿಸಿದ್ದಿಲ್ಲ, ವಹಿ ತೆಗೆಸಿ ಕೇಳಿದ್ದಾರೆ. ಪಾವತಿ ಕೈಯಲ್ಲಿದ್ದರೆ ಕೇಳುವ ಮಾತಿಗೆ ತೂಕವೇ ಬೇರೆ. ವಾರ್ಡಿನ ಸದಸ್ಯರು ಬಂದಾಗ ಬಾಗಿಲ ಸಂದಿಯಿಂದ ನೋಡದೆ ಹೊರಗೆ ಬಂದು ಕೇಳಬೇಕು: ನಮ್ಮ ಓಣಿಯ ಗಟಾರ ಎಂದು, ನೀರು ಯಾವ ದಿನ?

ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಮನಿ ಪಟ್ಟಿಯಲ್ಲಿ ನೂರಕ್ಕೆ 5 ರೂಪಾಯಿ ಸೂಟು ಉಂಟು ಎಂದೂ ಕಿವಿಗೆ ಹಾಕಿದೆ. ಕಾಕುವಿಗೆ ನನ್ನ ಪುರಾಣಕ್ಕಿಂತ ಅದೇ ಹೆಚ್ಚು ನಾಟಿರಬೇಕು. ತಿಂಗಳ ಕೊನೆಗೆ ಕಟ್ಟಿ ಬಂದರು. ಚಸ್ಮಾ ಏರಿಸಿ ಪಾವತಿಯ ಒಂದೊಂದೇ ಸಾಲು ಓದಿಸಿಕೊಂಡರು. ಆರೋಗ್ಯ ಕರ ಇಷ್ಟು, ನೂರಕ್ಕೆ 6ರಂತೆ ಗ್ರಂಥಾಲಯ ಕರ ಇಷ್ಟು... ಅಲ್ಲಿಗೆ ಬೆರಳು ನಿಲ್ಲಿಸಿದರು.

"ಇದಕ್ಕೂ ನಾನಾ ಕೊಟ್ಟೇನಿ? ಹಂಗಾರ ಹೇಳವಾ, ಲೈಬ್ರರಿ ಎಷ್ಟು ಗಂಟೇಕ ತೆಗೀತಾರ? ಮೊಮ್ಮಗಳು ಪರೀಕ್ಷಾಕ್ಕ ಓದಾಕ ಮನ್ಯಾಗ ಜಾಗಾ ಇಲ್ಲಂತ ಅಳಾಕತ್ತಾಳ."