6.2 ಮತ್ತು 4.1ರ ನಡುವೆ: ಲಾಗ್ ಕುರಿತ ತಪ್ಪು ಕಲ್ಪನೆಗಳು

1000 ಬರಬೇಕಾದರೆ 10ನ್ನು ಮೂರು ಸಲ ಇಟ್ಟು ಗುಣಿಸಬೇಕು. ಅದಕ್ಕೇ 1000ದ ಲಾಗ್ 3. ಲಾಗ್ ಎಂದರೆ ಘಾತಸೂಚಿ, ಅಷ್ಟೇ. ಇದನ್ನು ಬಾಯಿಪಾಠ ಮಾಡಿದವರೂ ಭೂಕಂಪದ ಸುದ್ದಿ ಓದುವಾಗ ಮರೆತುಬಿಡುತ್ತಾರೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪ ಆಳಂದ, ಅಫಜಲಪುರದ ಕಡೆಯ ಊರುಗಳನ್ನೂ ನಡುಗಿಸಿತು. ಅದರ ತೀವ್ರತೆ 6.2. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಆದದ್ದು 4.1. ಎರಡನ್ನೂ ಅಕ್ಕಪಕ್ಕ ಇಟ್ಟು ‘ಕಿಲ್ಲಾರಿಯದು ಇದರ ಒಂದೂವರೆ ಪಟ್ಟು’ ಎಂದುಕೊಳ್ಳುವುದು ಸಹಜ. ಆದರೆ ಅದು ಪೂರ್ತಿ ತಪ್ಪು. ಭೂಕಂಪದ ತೀವ್ರತೆ ಲಾಗ್ ಮಾಪಕದ್ದು; ಅಂಥ ಅಂಕಿಗಳನ್ನು ಭಾಗಿಸಬಾರದು, ಕಳೆಯಬೇಕು. 6.2ರಲ್ಲಿ 4.1 ಕಳೆದರೆ 2.1. ಎರಡರಿಂದಲೂ ಒಂದೇ ದೂರದಲ್ಲಿಟ್ಟ ಯಂತ್ರದಲ್ಲಿ ಮೂಡುವ ಕಿಲ್ಲಾರಿಯ ಅಲೆಯ ಎತ್ತರ 10ರ 2.1ನೇ ಘಾತದಷ್ಟು, ಅಂದರೆ ಸುಮಾರು 126 ಪಟ್ಟು ಹೆಚ್ಚು. ಹೊರಬಿದ್ದ ಶಕ್ತಿ ಬೇಕೆಂದರೆ ಆ 2.1ನ್ನು ಮತ್ತೆ ಒಂದೂವರೆಯಿಂದ ಗುಣಿಸಬೇಕು: 3.15. 10ರ 3.15ನೇ ಘಾತ ಸುಮಾರು 1,400. ಒಂದೂವರೆ ಎಲ್ಲಿ, ಸಾವಿರದ ನಾನೂರು ಎಲ್ಲಿ!

ಪಾಯಿಂಟ್ ಆಚೆಯ ಅಂಕಿ ಲೆಕ್ಕಕ್ಕಿಲ್ಲ ಎಂಬ ನಂಬಿಕೆಯೂ ಹೀಗೆಯೇ. ಜೇವರ್ಗಿಯ ತೊಗರಿ ಹೊಲವೊಂದರ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ 8.5, ಪಕ್ಕದ ಹೊಲದ್ದು 8.2 ಎಂದು ಇಟ್ಟುಕೊಳ್ಳೋಣ. ರಸಸಾರವೆಂದರೆ ಹೈಡ್ರೋಜನ್ ಅಯಾನುಗಳ ಸಾರತೆಯ ಲಾಗ್, ಚಿಹ್ನೆ ಮಾತ್ರ ತಿರುವುಮುರುವು. ಎರಡು ಹೊಲಗಳ ವ್ಯತ್ಯಾಸ 0.3; 2ರ ಲಾಗ್ 0.3010. ಹಾಗಾಗಿ 8.5 ಇರುವ ಮಣ್ಣಿನಲ್ಲಿ ಆ ಅಯಾನುಗಳು ಪಕ್ಕದ ಹೊಲದ ಅರ್ಧದಷ್ಟೇ.

ಎರಡು ಸಂಖ್ಯೆಗಳ ಮೊತ್ತದ ಲಾಗ್ ಅವುಗಳ ಲಾಗ್‌ಗಳ ಮೊತ್ತವೆಂದು ಬರೆಯುವವರು ಬಹಳ. 10, 100ರ ಲಾಗ್‌ಗಳನ್ನು ಕೂಡಿಸಿದರೆ 3. 110ರ ಲಾಗ್ 2.0414. ಆ 3 ನಿಜಕ್ಕೂ ಗುಣಲಬ್ಧವಾದ 1000ದ ಲಾಗ್.

ಉತ್ತರ ಋಣವಾಗಿ ಬಂದರೆ ಲೆಕ್ಕ ತಪ್ಪಿದೆ ಎಂದು ಗಾಬರಿಯಾಗಬೇಕಿಲ್ಲ. ಸೊನ್ನೆಗಾಗಲಿ ಋಣ ಸಂಖ್ಯೆಗಾಗಲಿ ವಾಸ್ತವ ಲಾಗ್ ಇಲ್ಲ, ನಿಜ. ಆದರೆ ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಗಳ ಲಾಗ್ ಋಣವೇ. ಎಡವುವುದು ಲಾಗ್‌ನ ಋಣ ಪೂರ್ಣಾಂಕದ ತಲೆಯ ಮೇಲೆ ಎಳೆಯುವ ಗೆರೆಯಾದ ಬಾರ್‌ನಲ್ಲಿ. 0.002ರ ಲಾಗ್ ಅನ್ನು ಟೇಬಲ್ ನೋಡಿ ‘ಬಾರ್ 3 ಪಾಯಿಂಟ್ 3010’ ಎಂದು ಬರೆದು, ಅದನ್ನೇ −3.3010 ಎಂದು ಓದಿದರೆ ಉತ್ತರ 0.0005ರ ಕಡೆಗೆ ಜಾರುತ್ತದೆ. ಬಾರ್ ಇರುವುದು 3ರ ತಲೆಯ ಮೇಲೆ ಮಾತ್ರ, 0.3010 ಧನವೇ. ಎರಡನ್ನೂ ಕೂಡಿಸಿದರೆ −2.6990.